ಎರಡು ಸುತ್ತು ಒಳಗೆ ಹೋದರೆ ಸ್ಕ್ರೂ ಸರಿಯಾದದ್ದೇ? ಟೆಲಿಸ್ಕೋಪ್ ಇಟ್ಟುಕೊಂಡವರು ತಿಳಿದಿರಬೇಕಾದ ಲೆಕ್ಕ

ಟೆಲಿಸ್ಕೋಪಿನ ಕನ್ನಡಿಯನ್ನು ಹೊಂದಿಸುವ ಸ್ಕ್ರೂ ಕಳೆದುಹೋಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಅದೇ ದಪ್ಪದ ಸ್ಕ್ರೂ ಹಾಕಿ, ಸ್ವಲ್ಪ ಬಿಗಿ ಮಾಡಿದರೆ ಕೂತ್ಕೊಳ್ಳುತ್ತೆ." ಈ ಸಲಹೆ ತಪ್ಪು. ಕೆಲವೇ ರೂಪಾಯಿಯ ಸ್ಕ್ರೂ ಇಡೀ ಕನ್ನಡಿಯ ಚೌಕಟ್ಟನ್ನೇ ಹಾಳು ಮಾಡಬಲ್ಲದು.

ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಮುಖ್ಯ ಕನ್ನಡಿ ಕೊಳವೆಯ ತಳದಲ್ಲಿರುತ್ತದೆ. ಅದರ ಹಿಂದೆ ಮೂರು ಹೊಂದಾಣಿಕೆ ಸ್ಕ್ರೂಗಳಿರುತ್ತವೆ, ಬಹಳಷ್ಟು ಮಾದರಿಗಳಲ್ಲಿ ಸ್ಪ್ರಿಂಗ್ ಸಮೇತ. ಇವು ಎಷ್ಟು ಸೂಕ್ಷ್ಮ ಅಂದರೆ, 4 ಮಿ.ಮೀ. ದಪ್ಪದ ಮೆಟ್ರಿಕ್ ಸ್ಕ್ರೂ (ಎಂ4) ಒಂದು ಪೂರ್ತಿ ಸುತ್ತಿಗೆ 0.7 ಮಿ.ಮೀ. ಚಲಿಸುತ್ತದೆ. ಸ್ಕ್ರೂಗಳು ನಡುವಿನಿಂದ 60 ಮಿ.ಮೀ. ದೂರದಲ್ಲಿದ್ದರೆ ಕನ್ನಡಿ ಸುಮಾರು 0.45 ಡಿಗ್ರಿ ವಾಲುತ್ತದೆ. ಪ್ರತಿಫಲನದಲ್ಲಿ ಅದು ಇಮ್ಮಡಿಯಾಗಿ 0.9 ಡಿಗ್ರಿ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ! ಸಡಿಲವಾಗಿ ಅಲ್ಲಾಡುವ ಸ್ಕ್ರೂ ಇಲ್ಲಿ ನಡೆಯುವುದಿಲ್ಲ.

ತೊಂದರೆ ಇರುವುದು ದಪ್ಪದಲ್ಲಿ ಅಲ್ಲ, ಥ್ರೆಡ್‌ನಲ್ಲಿ. ಜಗತ್ತಿನಲ್ಲಿ ಎರಡು ಸ್ಕ್ರೂ ಕುಟುಂಬಗಳಿವೆ: ಮಿಲಿಮೀಟರಿನದು, ಇಂಚಿನದು. (ನಮ್ಮ ಹಾರ್ಡ್‌ವೇರ್ ಅಂಗಡಿಯ "ಎರಡು ಸೂತ್" ಎಂದರೆ ಕಾಲು ಇಂಚು, 6.35 ಮಿ.ಮೀ. ಅದು 6 ಮಿ.ಮೀ. ಸ್ಕ್ರೂ ಅಲ್ಲ.) ಎಂ4ಗೆ ಅಮೆರಿಕದ 8-32 ಎಂಬ ಸ್ಕ್ರೂ ಬಹುತೇಕ ಅವಳಿಯಂತೆ ಕಾಣುತ್ತದೆ. ದಪ್ಪ 4.17 ಮಿ.ಮೀ., ಇಂಚಿಗೆ 32 ಥ್ರೆಡ್, ಅಂದರೆ ಥ್ರೆಡ್‌ನಿಂದ ಥ್ರೆಡ್‌ಗೆ 0.79 ಮಿ.ಮೀ. ಅಂತರ. ಇದನ್ನು ಎಂ4 ತೂತಿಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ಉಕ್ಕಿನ ಸ್ಕ್ರೂ ಗೆಲ್ಲುತ್ತದೆ, ಅಲ್ಯೂಮಿನಿಯಂ ತೂತಿನ ಥ್ರೆಡ್ ಕಿತ್ತುಬರುತ್ತದೆ. ತದ್ವಿರುದ್ಧವಾಗಿ, 8-32 ತೂತಿಗೆ ಎಂ4 ಹಾಕಿದರೆ ಸುಲಭವಾಗಿ ಹೋಗುತ್ತದೆ, ಆದರೆ ಹಿಡಿತ ಇರುವುದಿಲ್ಲ. ಇದು ಇನ್ನೂ ಮೋಸದ್ದು.

ಗುರುತಿಸುವುದು ಹೇಗೆ? ಶಾಲೆಯ ಸ್ಕೇಲ್ ಸಾಕು. ಹಳೆಯ ಸ್ಕ್ರೂವನ್ನು ಸ್ಕೇಲಿನ ಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಹತ್ತು ಅಂತರಗಳನ್ನು ಎಣಿಸಿ, ಅಂದರೆ ಒಂದನೇ ಏಣಿನಿಂದ ಹನ್ನೊಂದನೇ ಏಣಿನವರೆಗೆ. ಸರಿಯಾಗಿ 7 ಮಿ.ಮೀ. ಬಂದರೆ ಎಂ4, ಸುಮಾರು 8 ಬಂದರೆ ದಪ್ಪವನ್ನೂ ನೋಡಿ: 4.2 ಆಸುಪಾಸಿದ್ದರೆ 8-32, 5 ಇದ್ದರೆ ಎಂ5. ಸ್ಕ್ರೂ ಗಿಡ್ಡವಿದ್ದರೆ ಐದು ಅಂತರ ಎಣಿಸಿ ಇಮ್ಮಡಿ ಮಾಡಿ. ದಪ್ಪಕ್ಕೆ ಮಾತ್ರ ವರ್ನಿಯರ್ ಕ್ಯಾಲಿಪರ್ ಬೇಕು. ಸ್ಕೇಲ್ ಇಲ್ಲದ ಫೋಟೋವನ್ನು ಗ್ರೂಪಿಗೆ ಹಾಕಿ "ಇದು ಯಾವ ಸ್ಕ್ರೂ?" ಎಂದು ಕೇಳಿದರೆ ಬರುವುದೆಲ್ಲ ಊಹೆಯೇ.

ಹಳೆಯದು ಸಿಗದಿದ್ದರೆ ಬೇರೆ ಬೇರೆ ಅಳತೆಯ ಸ್ಕ್ರೂಗಳನ್ನು ಖಾಲಿ ತೂತಿನಲ್ಲಿ ಬೆರಳಿನಿಂದಲೇ ತಿರುಗಿಸಿ ನೋಡಿ. ಸರಿಯಾದದ್ದು ಸಾಕಷ್ಟು ಆಳದವರೆಗೆ ಸಲೀಸಾಗಿ ಹೋಗಬೇಕು, ಹೋದ ಮೇಲೆ ಪಕ್ಕಕ್ಕೆ ಅಲ್ಲಾಡಬಾರದು.

ಉದ್ದ ಮತ್ತು ತುದಿಯನ್ನೂ ಮರೆಯಬೇಡಿ. ತಲೆಯಿರುವ ಸ್ಕ್ರೂವಿನ ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ, ಒಳಗೆ ಮುಳುಗುವ ಚಪ್ಪಟೆ ತಲೆಯದ್ದನ್ನು ತಲೆ ಸೇರಿಸಿ. ಮೇಲಿನ ಚಿಕ್ಕ ಕನ್ನಡಿಯ ಹಿಂಭಾಗವನ್ನು ಒತ್ತುವ ಸ್ಕ್ರೂ ಚೂಪಾಗಿದ್ದರೆ ಅಲ್ಲಿ ಗುಳಿ ಬೀಳುತ್ತದೆ. ಆಮೇಲೆ ಎಷ್ಟು ಹೊಂದಿಸಿದರೂ ಸ್ಕ್ರೂ ಜಾರಿ ಅದೇ ಗುಳಿಗೆ ಬರುತ್ತದೆ. ಚಪ್ಪಟೆ ಅಥವಾ ದುಂಡು ತುದಿಯದನ್ನೇ ಕೇಳಿ.

ಆ ಚಿಕ್ಕ ಕನ್ನಡಿಯ ಸ್ಕ್ರೂ ಬದಲಿಸುವಾಗ ಟೆಲಿಸ್ಕೋಪನ್ನು ಮಲಗಿಸಿಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ. ಅದನ್ನು ಹಿಡಿದಿರುವ ನಡುವಿನ ಬೋಲ್ಟ್ ಬಿಚ್ಚಬೇಡಿ. ಕೊಳವೆ ನೆಟ್ಟಗೆ ನಿಂತಿದ್ದಾಗ ಅದು ಕಳಚಿದರೆ ಕನ್ನಡಿ ಬೀಳುವುದು ನೇರವಾಗಿ ಕೆಳಗಿನ ದೊಡ್ಡ ಕನ್ನಡಿಯ ಮೇಲೆಯೇ.