ಬಾಂದುಕಲ್ಲು ಮತ್ತು ದಶಾಂಶದ ಆಚೆಯ ಅಂಕಿ

ದೇವನಹಳ್ಳಿ ತಾಲ್ಲೂಕಿನ ಆವತಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14.7 ಲಕ್ಷ ಮೀಟರ್ ದೂರದಲ್ಲಿದೆ. ಉಪಗ್ರಹದ ನೆರವಿನ ಸರ್ವೆಯಲ್ಲಿ ಬಾಂದುಕಲ್ಲಿನ ಜಾಗ ಇಂಥ ಏಳಂಕಿಯ ಸಂಖ್ಯೆಯಾಗಿ ದಾಖಲಾಗಬಹುದು. ಅಕ್ಕಪಕ್ಕದ ಹೊಲದವರ ತಕರಾರು ಇರುವುದು ದಶಾಂಶ ಬಿಂದುವಿನ ಆಚೆ. ವಿಮಾನ ನಿಲ್ದಾಣ ಬಂದ ಮೇಲಂತೂ ಆ ಸುತ್ತಿನಲ್ಲಿ ಗೇಣು ನೆಲ ಬಿಟ್ಟುಕೊಡುವವರು ಯಾರು?

ಒಂದೇ ಕಲ್ಲನ್ನು ಮೂರು ಸಲ ಅಳೆದಾಗ 1471000.1, 1471000.2, 1471000.3 ಬಂತೆನ್ನಿ. ಸರಾಸರಿ 1471000.2; ಅಳತೆಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 0.1. ಬಾಯಲ್ಲೇ ಮಾಡಬಹುದಾದ ಲೆಕ್ಕ. ತಂತ್ರಾಂಶ ಇವನ್ನು 32 ಬಿಟ್‌ನಲ್ಲಿ ಇಟ್ಟುಕೊಂಡರೆ, ಈ ಗಾತ್ರದ ಸಂಖ್ಯೆಗಳ ನಡುವೆ ಹನ್ನೆರಡೂವರೆ ಸೆಂಟಿಮೀಟರ್‌ಗಿಂತ ಸಣ್ಣ ಅಂತರ ಅದಕ್ಕೆ ಕಾಣುವುದೇ ಇಲ್ಲ. ಎರಡನೆಯ, ಮೂರನೆಯ ಅಳತೆಗಳೆರಡೂ 1471000.25 ಆಗಿಬಿಡುತ್ತವೆ.

64 ಬಿಟ್ ಬಳಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಸೂತ್ರದ್ದು ಉಳಿಯುತ್ತದೆ. ವಿಚಲನೆಗೆ ಕಾಲೇಜಿನಲ್ಲಿ ಕಲಿಸುವ ಅಡ್ಡದಾರಿಯ ಸೂತ್ರದಲ್ಲಿ ಅಳತೆಗಳ ವರ್ಗಗಳನ್ನು ಕೂಡಿ, ಅದರಿಂದ ಮೊತ್ತದ ವರ್ಗವನ್ನು ಮೂರರಿಂದ ಭಾಗಿಸಿ ಕಳೆಯಬೇಕು. ಎರಡೂ ಸುಮಾರು 6.5 ಲಕ್ಷ ಕೋಟಿ. ನಮಗೆ ಬೇಕಾದ ವ್ಯತ್ಯಾಸ 0.02. ಅಷ್ಟು ದೊಡ್ಡ ಸಂಖ್ಯೆಗಳಲ್ಲಿ 64 ಬಿಟ್‌ಗೂ ಕಾಣುವ ಕನಿಷ್ಠ ಅಂತರ ಸುಮಾರು 0.001. ನಂಬಬಹುದಾದ ಅಂಕಿ ಒಂದೋ ಎರಡೋ ಅಷ್ಟೆ. 2003ರ ಆವೃತ್ತಿ ಬರುವವರೆಗೆ ಎಕ್ಸೆಲ್ ಇದೇ ದಾರಿ ಹಿಡಿದಿತ್ತು! ಮೊದಲು ಸರಾಸರಿ ಕಂಡುಕೊಂಡು, ಪ್ರತಿ ಅಳತೆಯಿಂದ ಅದನ್ನು ಕಳೆದು, ಆಮೇಲೆ ವರ್ಗ ಮಾಡಿದರೆ ಈ ಪೇಚು ಇಲ್ಲ.

ಎರಡು ತಂತ್ರಾಂಶಗಳ ಉತ್ತರ ತಾಳೆಯಾಯಿತೆಂದು ನೆಮ್ಮದಿಪಡುವವರಿದ್ದಾರೆ. ಎರಡರೊಳಗೂ ಅದೇ ಸೂತ್ರವಿದ್ದರೆ ಎರಡೂ ಒಟ್ಟಿಗೇ ತಪ್ಪುತ್ತವೆ. ಹಾಗಾಗಿ ಬೇಕಾದದ್ದು ಸರಿಯುತ್ತರ ಮೊದಲೇ ಗೊತ್ತಿರುವ ದತ್ತಾಂಶ. 1967ರಲ್ಲಿ ಜೇಮ್ಸ್ ಲಾಂಗ್ಲಿ ಅಮೆರಿಕದ 16 ವರ್ಷಗಳ ಆರ್ಥಿಕ ಅಂಕಿಗಳನ್ನು ಕೈಯಾರೆ ಲೆಕ್ಕ ಹಾಕಿ ಅಂದಿನ ಕಂಪ್ಯೂಟರ್ ಪ್ರೋಗ್ರಾಂಗಳ ಉತ್ತರದ ಪಕ್ಕ ಇಟ್ಟರು. ಕೆಲವು ಪ್ರೋಗ್ರಾಂಗಳ ಮೊದಲ ಅಂಕಿಯೇ ತಪ್ಪಿತ್ತು. ಆ ದತ್ತಾಂಶ ಈಗ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಪರೀಕ್ಷಾ ಸಂಗ್ರಹದಲ್ಲಿದೆ. ಅದೇ ಸಂಗ್ರಹದ ಇನ್ನೊಂದರಲ್ಲಿ 1001 ಸಂಖ್ಯೆಗಳು, ಸರಾಸರಿ 10000000.2, ವಿಚಲನೆ 0.1. ನಿಸ್ಟ್ 500 ಅಂಕಿಗಳ ನಿಖರತೆಯಲ್ಲಿ ಲೆಕ್ಕ ಹಾಕಿ 15 ಅಂಕಿಗಳ ಉತ್ತರ ಕೊಟ್ಟಿದೆ. ತಂತ್ರಾಂಶದ ಉತ್ತರ ಅದರೊಂದಿಗೆ ಎಷ್ಟು ಅಂಕಿಯವರೆಗೆ ಹೊಂದುತ್ತದೋ ಅದೇ ಅದರ ಅಂಕಪಟ್ಟಿ.

ಮನೆಯಲ್ಲೂ ನೋಡಬಹುದು. ಎಕ್ಸೆಲ್‌ನಲ್ಲಿ 10000001, 10000002, 10000003 ಬರೆದು ವಿಚಲನೆ ಕೇಳಿ, 1 ಬರಬೇಕು. ಮಧ್ಯದಲ್ಲಿ ಸೊನ್ನೆಗಳನ್ನು ಸೇರಿಸುತ್ತಾ ಹೋಗಿ. ಸಂಖ್ಯೆ 16 ಅಂಕಿಯದಾದಾಗ ಎಕ್ಸೆಲ್ ಕೊನೆಯ ಅಂಕಿಯನ್ನು ಸೊನ್ನೆ ಮಾಡಿಬಿಡುತ್ತದೆ. ಮೂರೂ ಒಂದೇ ಸಂಖ್ಯೆಯಾಗಿ, ವಿಚಲನೆ 0 ಎಂದು ಬರುತ್ತದೆ.