ಮಾಟಗಾತಿಯರು ಹೇಳದೇ ಬಿಟ್ಟ ಮಾತು

ಯುದ್ಧ ಗೆದ್ದು ಮರಳುತ್ತಿದ್ದ ಇಬ್ಬರು ದಳಪತಿಗಳಿಗೆ ಸ್ಕಾಟ್ಲೆಂಡಿನ ಬಯಲಿನಲ್ಲಿ ಮೂವರು ಮಾಟಗಾತಿಯರು ಎದುರಾಗುತ್ತಾರೆ. ಮ್ಯಾಕ್‌ಬೆತ್‌ನನ್ನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದಿನ ಅರಸ ಎಂದು ಕರೆಯುತ್ತಾರೆ. ಬ್ಯಾಂಕೊಗೆ, ಅವನ ಸಂತತಿಯವರು ಅರಸರಾಗುತ್ತಾರೆ ಎನ್ನುತ್ತಾರೆ. ಕೊಲೆಯ ಮಾತನ್ನು ಅವರು ಎತ್ತುವುದೇ ಇಲ್ಲ.

ಆದರೂ ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ಶುಭ ನುಡಿಗೆ ಈತ ಹೆದರುವುದೇಕೆ ಎಂದು ಬ್ಯಾಂಕೊ ಕೇಳುವುದು ಸಹಜವೇ. ಕಾಡರ್ ಪಟ್ಟ ಕೈಗೆ ಬಂದ ಗಳಿಗೆಯಲ್ಲಿ, ಯಾರೂ ಹೇಳದ ದೊರೆಯ ಕೊಲೆ ಮ್ಯಾಕ್‌ಬೆತ್‌ನ ಮನಸ್ಸಿನಲ್ಲಿ ತಲೆಯೆತ್ತಿರುತ್ತದೆ.

ಷೇಕ್ಸ್‌ಪಿಯರ್ 1606ರ ಸುಮಾರಿಗೆ 'ಮ್ಯಾಕ್‌ಬೆತ್' ನಾಟಕ ಬರೆದಾಗ ಅವನ ಮುಂದಿದ್ದುದು ಹಾಲಿನ್‌ಶೆಡ್‌ನ ಚರಿತ್ರೆ. ಅದರಲ್ಲಿ ಬ್ಯಾಂಕೊ ಕೂಡ ದೊರೆಯ ಕೊಲೆಯಲ್ಲಿ ಪಾಲುದಾರ. ಆಗ ಪಟ್ಟದಲ್ಲಿದ್ದ ಜೇಮ್ಸ್ ದೊರೆ ಬ್ಯಾಂಕೊನ ವಂಶದವನೆಂಬ ನಂಬಿಕೆಯಿತ್ತು. ನಾಟಕದಲ್ಲಿ ಬ್ಯಾಂಕೊ ನಿರ್ದೋಷಿಯಾದ. ಕಾರಣ ರಾಜಕೀಯದ್ದಿರಬಹುದು, ಲಾಭವಾದದ್ದು ಮಾತ್ರ ನಾಟಕಕ್ಕೆ. ಭವಿಷ್ಯ ಕೇಳಿದವರು ಇಬ್ಬರು, ಕತ್ತಿ ಹಿರಿದವನು ಒಬ್ಬ. ಇನ್ನು ತಪ್ಪನ್ನೆಲ್ಲ ಮಾಟಗಾತಿಯರ ತಲೆಗೆ ಕಟ್ಟುವುದು ಹೇಗೆ?

ಹೆಂಡತಿಯ ತಲೆಗೂ ಅಷ್ಟು ಸುಲಭವಾಗಿ ಕಟ್ಟಲಾಗದು. ಗಂಡನ ಪತ್ರ ಓದಿದೊಡನೆ ಲೇಡಿ ಮ್ಯಾಕ್‌ಬೆತ್ ಕೊಲೆಗೆ ಸಜ್ಜಾಗುವುದು ನಿಜ. ಡಂಕನ್ ದೊರೆ ತಮ್ಮ ಮನೆಯ ಅತಿಥಿ, ಬಂಧು, ತನ್ನನ್ನು ಮೆರೆಸಿದ ಒಡೆಯ. ಇದನ್ನೆಲ್ಲ ಲೆಕ್ಕಹಾಕಿ ಮ್ಯಾಕ್‌ಬೆತ್ ಹಿಂದೆ ಸರಿಯುತ್ತಾನೆ. ಆಗ ಆಕೆ ಅವನ ಗಂಡಸುತನವನ್ನೇ ಕೆಣಕುತ್ತಾಳೆ. ರಣರಂಗದಲ್ಲಿ ಅಂಜದ ವೀರ ಆ ಒಂದು ಮೂದಲಿಕೆಗೆ ಸೋಲುತ್ತಾನೆ. ಆಕೆ ಹೊಸ ಆಸೆಯನ್ನೇನೂ ತುಂಬಲಿಲ್ಲ, ಅಡ್ಡ ನಿಂತಿದ್ದ ಅಳುಕನ್ನು ಕಿತ್ತುಹಾಕಿದಳು. ನಿದ್ರಿಸುತ್ತಿದ್ದ ದೊರೆ ತನ್ನ ತಂದೆಯಂತೆ ಕಂಡನೆಂದು ಆಕೆಯ ಕೈಯೇ ಹಿಂಜರಿದಿತ್ತು ಎಂಬುದನ್ನೂ ಮರೆಯಬಾರದು.

ಡಂಕನ್‌ನನ್ನು ಕೊಂದು ಅರಸನಾದ ಮೇಲೆ, ಬ್ಯಾಂಕೊನ ಕೊಲೆಗೆ ಆಳುಗಳನ್ನು ಕಳಿಸುವಾಗ ಮ್ಯಾಕ್‌ಬೆತ್ ಹೆಂಡತಿಗೆ ವಿಷಯವನ್ನೇ ತಿಳಿಸುವುದಿಲ್ಲ. ಮೊದಲು ಮಾಟಗಾತಿಯರು ಅವನ ದಾರಿಗೆ ಬಂದಿದ್ದರು, ನಾಲ್ಕನೆಯ ಅಂಕದಲ್ಲಿ ಅವನೇ ಅವರನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿಂದ ಬಂದವನೇ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ನಾಟಕದ ಅತಿ ಕ್ರೂರ ಕೃತ್ಯ ಇದು. ಇದಕ್ಕೆ ಅವನನ್ನು ಯಾರೂ ಪ್ರೇರೇಪಿಸಿರಲಿಲ್ಲ.

ಕನ್ನಡಕ್ಕೆ ಈ ಕಥೆ ಹಳೆಯ ಪರಿಚಯ. ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ' 1895ರದು, ಡಿ.ವಿ.ಜಿ. ಅವರೂ ಇದನ್ನು ಅನುವಾದಿಸಿದರು. ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗಾಗಿ ಇದನ್ನು ಯಕ್ಷಗಾನದ ಕುಣಿತಕ್ಕೆ ಒಗ್ಗಿಸಿ 'ಬರ್ನಂ ವನ' ಎಂಬ ಹಿಂದಿ ಪ್ರಯೋಗ ಮಾಡಿದರು. ಎಚ್.ಎಸ್. ಶಿವಪ್ರಕಾಶರ ಕೈಯಲ್ಲಿ ಮ್ಯಾಕ್‌ಬೆತ್ ಮಾರನಾಯಕನಾದ. ಆ ನಾಟಕವನ್ನು ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದಲೇ ಆಡಿಸಿದರು.