ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯೂ ರೋಗಿಯ ಮನಸ್ಸೂ

ಭದ್ರಾವತಿಯಲ್ಲಿ ಸೊಂಟನೋವಿನ ಮಾತು ಬಾರದ ಮನೆ ವಿರಳ. 1923ರಲ್ಲಿ ಇಲ್ಲಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಇದು ಮೈಮುರಿದು ದುಡಿಯುವವರ ಊರು. ನನ್ನ ದೊಡ್ಡಪ್ಪನವರು ಕಾರ್ಖಾನೆಯವರಲ್ಲ. ಅಕ್ಕಿಗಿರಣಿಯೊಂದರಲ್ಲಿ ಬಹುಕಾಲ ಮೂಟೆ ಹೊತ್ತವರು. ಕಳೆದ ವರ್ಷ ಅವರ ಎಡಗಾಲಿನಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹೊಡೆದಂತಹ ನೋವು ಕಾಣಿಸಿಕೊಂಡಿತು. ಮಾತ್ರೆ, ಎಣ್ಣೆ, ಪಟ್ಟು ಎಲ್ಲವೂ ಮುಗಿದ ಮೇಲೆ ಶಿವಮೊಗ್ಗದಲ್ಲಿ ಡಿಸ್ಕಿನ ಶಸ್ತ್ರಚಿಕಿತ್ಸೆಯಾಯಿತು. ಕಾಲಿನ ನೋವು ಎರಡೇ ದಿನಗಳಲ್ಲಿ ಇಳಿಯಿತು. ಆದರೂ ದೊಡ್ಡಪ್ಪನವರು ನಾಲ್ಕು ತಿಂಗಳ ಕಾಲ ಹಾಸಿಗೆಯನ್ನು ಬಿಡಲೊಲ್ಲದೆ ಹೋದರು. ಇದೇಕೆ ಹೀಗಾಯಿತೆಂಬುದನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಯಾದ ನಾನು ಹುಡುಕಹೊರಟಾಗ, ಕಾರಣಗಳಲ್ಲಿ ನಾನೂ ಒಬ್ಬನೆಂಬುದು ತಿಳಿದುಬಂದಿತು.

ಮೊದಲು ದೇಹದ ವಿಚಾರ. ನಮ್ಮ ಬೆನ್ನಿನ ಮೂಳೆಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಪ್ರತಿಯೊಂದರ ಸುತ್ತಲೂ ಗಟ್ಟಿಯಾದ ನಾರಿನ ಬಳೆ, ನಡುವೆ ಲೋಳೆಯಂತಹ ತಿರುಳು. ಬಳೆ ಬಿರಿದು ತಿರುಳು ಹೊರಬಂದು ನರದ ಬುಡವನ್ನು ಒತ್ತಿದರೆ ನೋವು ಕಾಲಿಗಿಳಿಯುತ್ತದೆ. ಇದನ್ನು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಲ್ಲಿ ಮಾಡುವುದು ಇಷ್ಟೇ: ಒತ್ತುತ್ತಿರುವ ಚೂರನ್ನು ತೆಗೆಯುವುದು. ಜನ 'ಡಿಸ್ಕ್ ಜಾರಿತು' ಎನ್ನುತ್ತಾರೆ. ವಾಸ್ತವವಾಗಿ ಅದು ಎಲ್ಲಿಗೂ ಜಾರುವುದಿಲ್ಲ. ಮಾತಿನ ಈ ತಪ್ಪು ಸಣ್ಣದೆಂದು ತೋರಬಹುದು. ಆದರೆ ದೊಡ್ಡಪ್ಪನವರನ್ನು ಹಾಸಿಗೆಗೆ ಕಟ್ಟಿಹಾಕಿದುದು ಮುಖ್ಯವಾಗಿ ಈ ಮಾತೇ.

"ಬಿಗಿ ತಪ್ಪಿದ ಕುರ್ಚಿ ಇದ್ದಂಗೆ ಕಣೋ ಮಗಾ ನನ್ನ ಸೊಂಟ, ಬಗ್ಗಿದ್ರೆ ಕಳಚಿ ಬೀಳ್ತದೆ" ಎಂದು ಅವರು ಹೇಳುತ್ತಿದ್ದರು. ಆಸ್ಪತ್ರೆಯ ಸ್ಕ್ಯಾನ್ ವರದಿಯನ್ನು ದಿಂಬಿನಡಿ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸುವರು. ಅದರಲ್ಲಿ ಇನ್ನೆರಡು ಡಿಸ್ಕುಗಳು ಉಬ್ಬಿವೆಯೆಂದು ಬರೆದಿತ್ತು. ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನನ್ನು ಅಮೆರಿಕದಲ್ಲಿ ಇದೇ ಬಗೆಯ ಯಂತ್ರದಿಂದ ನೋಡಿ 1994ರಲ್ಲಿ ಪ್ರಕಟಿಸಿದ ವರದಿಯೊಂದನ್ನು ನಾನು ಆಮೇಲೆ ಓದಿದೆ. ಅವರಲ್ಲಿ ಶೇಕಡ 52ರಷ್ಟು ಜನರಿಗೆ ಒಂದಾದರೂ ಡಿಸ್ಕು ಉಬ್ಬಿತ್ತು! ತಲೆಯಲ್ಲಿ ನರೆ ಬಂದಂತೆ ಇದೂ ವಯಸ್ಸಿನೊಡನೆ ಬರುವಂತಹುದು. ಇದನ್ನು ಮೊದಲೇ ಹೇಳುವವರಿದ್ದರೆ ದಿಂಬಿನಡಿಯ ಕಾಗದಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ.

ಹೇಳುವುದರಿಂದ ಏನಾಗುತ್ತದೆಂಬುದಕ್ಕೆ ಒಂದು ಹಳೆಯ ಪರೀಕ್ಷೆಯಿದೆ. 1964ರಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆ ವೈದ್ಯರು ತಮ್ಮ ಜೊತೆಗಾರರೊಂದಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಸ್ನಾಯುಗಳನ್ನು ಹೇಗೆ ಸಡಿಲಬಿಡಬೇಕು ಎಂಬುದನ್ನೆಲ್ಲ ಮುಂಚಿತವಾಗಿ ಕುಳಿತು ವಿವರಿಸಿದರು. ಇನ್ನೊಂದು ಗುಂಪಿನವರಿಗೆ ಹೇಳಲಿಲ್ಲ. ಮೊದಲ ಗುಂಪಿಗೆ ನೋವಿನ ಔಷಧ ಸುಮಾರು ಅರ್ಧದಷ್ಟೇ ಸಾಕಾಯಿತು. ಯಾರು ಯಾವ ಗುಂಪೆಂದು ತಿಳಿಯದ ಶಸ್ತ್ರವೈದ್ಯರೇ ಅವರನ್ನು ಸರಾಸರಿ 2.7 ದಿನ ಮೊದಲು ಮನೆಗೆ ಕಳುಹಿಸಿದರು. ಖರ್ಚಾದುದು ಮಾತು ಮಾತ್ರ.

ಹಾಗಾದರೆ ನೋವು ಬರಿಯ ಕಲ್ಪನೆಯೇ? ಖಂಡಿತ ಅಲ್ಲ. ನೋವಿನ ಸಂದೇಶ ಬೆನ್ನುಹುರಿಯನ್ನು ದಾಟುವಲ್ಲಿ ಒಂದು ಬಾಗಿಲಿದ್ದಂತೆ, ಅದನ್ನು ತೆರೆಯುವುದರಲ್ಲಿ ಹಾಗೂ ಮುಚ್ಚುವುದರಲ್ಲಿ ಮೆದುಳಿಗೂ ಕೈಯಿದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ವಾದಿಸಿದರು. ಅವರ ಚಿತ್ರದ ವಿವರಗಳು ಮುಂದೆ ಬದಲಾದವು. ಮೂಲ ವಿಚಾರ ಉಳಿದಿದೆ. ಭಯ ಆ ಬಾಗಿಲನ್ನು ತೆರೆಯುತ್ತದೆ. ಭಯಪಟ್ಟವನು ಬಗ್ಗುವುದಿಲ್ಲ, ಬಗ್ಗದವನ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಸ್ವಲ್ಪ ಅಲುಗಿದರೂ ನೋಯುತ್ತದೆ, ನೋವನ್ನು ಕಂಡು ಭಯ ಇಮ್ಮಡಿಯಾಗುತ್ತದೆ. ವ್ಲಾಯನ್ ಮತ್ತು ಲಿಂಟನ್ 2000ದಲ್ಲಿ ವಿವರಿಸಿದ ಈ ಚಕ್ರ ನಮ್ಮ ನಡುಮನೆಯಲ್ಲೇ ತಿರುಗುತ್ತಿತ್ತು.

ಅದಕ್ಕೆ ಎಣ್ಣೆ ಹಾಕುತ್ತಿದ್ದವನು ನಾನು. ದೊಡ್ಡಪ್ಪ 'ಅಯ್ಯೋ' ಎಂದರೆ ಸಾಕು, ಪುಸ್ತಕ ಬಿಟ್ಟು ಓಡುತ್ತಿದ್ದೆ. ಚೊಂಬು ಎತ್ತಿಕೊಡುವವನು ನಾನು, ಚಪ್ಪಲಿ ತೊಡಿಸುವವನು ನಾನು. "ಬಗ್ಗಬೇಡಿ ದೊಡ್ಡಪ್ಪ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವರು ತಾವಾಗಿ ಎದ್ದು ಹಿತ್ತಲಿಗೆ ಹೋಗಿಬಂದ ದಿನ ಮಾತ್ರ ಯಾರೂ ಏನೂ ಅನ್ನಲಿಲ್ಲ. ನರಳಿದಾಗ ಆದರ, ನಡೆದಾಗ ಮೌನ! ಮನೆಯವರ ಇಂತಹ ಉಪಚಾರವೇ ನೋವಿನ ನಡವಳಿಕೆಯನ್ನು ಬೇರೂರಿಸುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫೋರ್ಡೈಸ್ 1976ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಅವರ ವಿಚಾರವನ್ನು ಓದಿದ ರಾತ್ರಿ ನನಗೆ ಚೆನ್ನಾಗಿ ನಿದ್ರೆ ಬರಲಿಲ್ಲ.

ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು. ಅದು ಯಾವ ಪುಸ್ತಕದ್ದೂ ಅಲ್ಲ. "ವಾಸಿಯಾದರೆ ಮೂಟೆ ಹೊರಬೇಕು, ಹೊತ್ತರೆ ಮತ್ತೆ ಕತ್ತರಿ ಹಾಕಿಸಿಕೊಳ್ಳಬೇಕು. ಅವರು ಯಾವ ಧೈರ್ಯದ ಮೇಲೆ ಏಳಬೇಕು ಹೇಳು?" ದಿನಗೂಲಿಯವನಿಗೆ ಗುಣವಾಗುವುದೂ ಒಂದು ಭಯವೇ. ಡಿಸ್ಕಿನ ರೋಗಿಗಳನ್ನು ಹಿಂಬಾಲಿಸಿ ಅಭ್ಯಸಿಸಿದ ಜರ್ಮನಿಯ ಹಾಸೆನ್‌ಬ್ರಿಂಗ್ ಮೊದಲಾದವರು, ಖಿನ್ನತೆಯಿರುವವರಲ್ಲಿ ನೋವು ಉಳಿದುಕೊಳ್ಳುವ ಸಂಭವ ಹೆಚ್ಚೆಂದು 1994ರಲ್ಲಿ ತೋರಿಸಿದರು. ಹೆದರಿ ಮಲಗುವವರಷ್ಟೇ ಅಲ್ಲ, ಹಲ್ಲುಕಚ್ಚಿ ವಿಶ್ರಾಂತಿಯಿಲ್ಲದೆ ದುಡಿಯುವವರೂ ಕಷ್ಟಕ್ಕೆ ಸಿಲುಕುವರೆಂಬುದು ಅವರ ಅಭಿಪ್ರಾಯ.

ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಂದಿನಿಂದ ನರರೋಗದ ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲಿ ಒಂದೇ ಆವರಣದಲ್ಲಿದ್ದಾರೆ. ಎಲ್ಲರೂ ಅಲ್ಲಿಗೆ ಹೋಗಲಾದೀತೇ? ನಮ್ಮ ಕಡೆ ಆ ಅರ್ಧ ಕೆಲಸ ಮನೆಯವರ ಪಾಲಿಗೇ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಾದರೆ, ಪಾದ ಸೋತು ಎಳೆದುಕೊಂಡು ನಡೆಯುವಂತಾದರೆ, ಜ್ವರದೊಡನೆ ಗಾಯ ಕೀವಾದರೆ ಅದು ಧೈರ್ಯ ಹೇಳುವ ಹೊತ್ತಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಂತಹುದೇನೂ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಅವರು ಹೇಳಿದಂತೆ ನಾವು ಆರಂಭಿಸಿದೆವು. ಮೊದಲ ವಾರ ಬೀದಿಯ ತಿರುವಿನವರೆಗೆ. ನೋವು ಬಂದಾಗ ನಿಲ್ಲುವುದಲ್ಲ, ಗೊತ್ತುಮಾಡಿದಷ್ಟು ನಡೆದು ನಿಲ್ಲುವುದು. ಚೊಂಬನ್ನು ನಾನು ಎತ್ತಿಕೊಡಲಿಲ್ಲ. ಎರಡು ದಿನ ನನ್ನ ಮೇಲೆ ಸಿಟ್ಟಾದರು. ಮೂರನೆಯ ದಿನ ಮಂಡಿ ಬಾಗಿಸಿ, ಗೋಡೆ ಹಿಡಿದು, ತಾವೇ ಎತ್ತಿಕೊಂಡರು. ಏಳನೆಯ ವಾರ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನದವರೆಗೆ ಹೋಗಿಬಂದೆವು. ಗಿರಣಿಯ ಮೂಟೆಗೆ ಅವರು ಮರಳಿಲ್ಲ, ಮರಳುವುದೂ ಬೇಡ. ಈಗ ಪರಿಚಯದವರ ದಿನಸಿ ಅಂಗಡಿಯಲ್ಲಿ ತಕ್ಕಡಿಯ ಬಳಿ ನಿಲ್ಲುತ್ತಾರೆ. ಸಂಜೆಯ ವೇಳೆಗೆ ಸೊಂಟ ನೋಯುತ್ತದೆಯಂತೆ. ಸ್ಕ್ಯಾನ್ ವರದಿ ಇನ್ನೂ ಮನೆಯಲ್ಲಿದೆ, ದಿಂಬಿನಡಿ ಅಲ್ಲ, ಪೆಟ್ಟಿಗೆಯಲ್ಲಿ.